ಹನ್ನೊಂದು ಸೆಕೆಂಡು

ವೇದಿಕೆಗೆ ಎಂಟೇ ಜನ ಅಂತ ನಿಯಮ. ಒಂಬತ್ತನೆಯವಳು ನಾನು:
ಪಿನ್ನು, ಬಾಚಣಿಗೆ, ನೀರಿನ ಬಾಟಲಿ,
ಜೋಸ್ಲಿನ್‌ಳ ಉಂಗುರ, ಸಫ್ವಾನನ ದಪ್ಪ ಕನ್ನಡಕ,
ಎಲ್ಲರ ಮೊಬೈಲು ಒಂದೇ ಚೀಲದಲ್ಲಿ ಹೊತ್ತು
ಪಕ್ಕದ ಪರದೆಗೆ ಅಂಟಿ ನಿಂತು
ಸಮಯ ನೋಡುವವಳು.

ಮುಖ ಬಳಿಯುವವಳೂ ನಾನೇ.
ಜಿಂಕ್ ಪುಡಿಗೆ ತೆಂಗಿನೆಣ್ಣೆ ಹದ ತಪ್ಪಬಾರದು;
ಹೆಚ್ಚಾದರೆ ಬೆವರಿನ ಜೊತೆ ಇಳಿಯುತ್ತದೆ,
ಕಡಿಮೆಯಾದರೆ ನಕ್ಕಲ್ಲಿ ಬಿರುಕು ಬಿಡುತ್ತದೆ.
ಉಡುಪಿಯ ಆ ಕಾಲೇಜಿನಲ್ಲಿ ನಮಗೆ ಕೊಟ್ಟದ್ದು ಕೆಮಿಸ್ಟ್ರಿ ಲ್ಯಾಬು.
ಹದಿನಾರು ನಲ್ಲಿ, ಹದಿನಾರರಲ್ಲೂ ಬರೀ ಗಾಳಿ.
ಒಬ್ಬೊಬ್ಬರ ಗಲ್ಲ ಹಿಡಿದು, ಉಸಿರು ಬಿಗಿಹಿಡಿದು
ಬಜಾಲು, ಬೋಂದೆಲು, ತಣ್ಣೀರುಬಾವಿ, ಬೆಂಗ್ರೆ
ಎಲ್ಲವನ್ನೂ ಒಂದೇ ಬಿಳುಪಿಗೆ ತಂದೆ.
ತುಟಿಗೆ ಕೆಂಪು ಎಳೆದ ಮೇಲೆ ನೀರು ಕುಡಿಯುವಂತಿಲ್ಲ.
ಇದು ನಿಯಮಾವಳಿಯಲ್ಲಿ ಇಲ್ಲ. ನನ್ನದು.

ನಮಗಿಂತ ಮುಂಚೆ ಐದು ಮೂಕಾಭಿನಯ.
ಐದರಲ್ಲೂ ಕೊನೆಗೊಬ್ಬ ಯೋಧ ಸತ್ತ,
ತಾಯಿ ಎದೆ ಬಡಿದುಕೊಂಡಳು,
ಸತ್ತವ ಎದ್ದು ಸಾಲಿನಲ್ಲಿ ನಿಂತು ನಮಸ್ಕರಿಸಿದ.
"ನಮ್ಮದರಲ್ಲಿ ಯಾರೂ ಸಾಯುವುದಿಲ್ಲವಲ್ಲ ಮಾರಾಯ್ತಿ"
ಅಂದಳು ಜೋಸ್ಲಿನ್. ಅವಳು ಫ್ರಿಜ್ಜು.

ಹೌದು, ಫ್ರಿಜ್ಜು.
ಬಂದರಿನಿಂದ ಬೆಂಗ್ರೆಗೆ, ದೋಣಿಯಲ್ಲಿ,
ತನ್ವಿತನ ಮನೆಗೆ ಕಂತಿನ ಮೇಲೆ ಬಂದ ಫ್ರಿಜ್ಜು.
ನಿಜವಾಗಿ ಬಂದದ್ದೇ; ನಾವು ಸುಳ್ಳು ಸೇರಿಸಿದ್ದು ಕಡಿಮೆ.
ಆರು ಬೆನ್ನು ಬಾಗಿದರೆ ದೋಣಿ.
ಸಫ್ವಾನ್ ಅದರ ಮೂತಿ,
ಕನ್ನಡಕವಿಲ್ಲದ ಮೂತಿ,
ಎದುರಿನ ಕತ್ತಲೆಯನ್ನೇ ನದಿ ಅಂದುಕೊಂಡು ಹೊರಟಿತು.

ಪೆನ್‌ಡ್ರೈವ್ ತೆರೆದುಕೊಳ್ಳಲಿಲ್ಲ.
ಮೈಕಿನ ಹುಡುಗ ದೂರದಿಂದ ಕೈ ಆಡಿಸಿದ.
ನಾವು ರಾತ್ರಿಯಿಡೀ ಜೋಡಿಸಿದ್ದ ಅಲೆ, ಎಂಜಿನು, ಕಾಗೆ ಒಂದೂ ಇಲ್ಲ;
ಸಭೆಯಲ್ಲಿ ಚಿಪ್ಸ್ ಮುರಿಯುವ ಸದ್ದು,
ಹಲಗೆಯ ಮೇಲೆ ಬರಿಗಾಲುಗಳ ಸದ್ದು.

ಐದನೇ ನಿಮಿಷಕ್ಕೆ ನಡುನೀರು.
ಅಲ್ಲಿ ಫ್ರಿಜ್ಜು ಓಲಬೇಕು, ತನ್ವಿತ್ ತಬ್ಬಬೇಕು, ಜನ ನಗಬೇಕು.
ಓಲಿತು. ತಬ್ಬಿದ. ನಕ್ಕರು.
ಆಮೇಲೆ ಅಭ್ಯಾಸದಲ್ಲಿ ಎಂದೂ ಮಾಡದ್ದು ಮಾಡಿದ:
ಜೋಸ್ಲಿನ್‌ಳ ಮೊಣಕೈ ಹಿಡಿದು ಬಾಗಿಲು ತೆರೆದ.
ಪಾಪ, ಅವಳಿಗೆ ಗೊತ್ತಿಲ್ಲ; ಆದರೂ ತೆರೆದುಕೊಂಡಳು.
ಅವನು ಒಳಗೆ ಬಗ್ಗಿ ನೋಡಿದ.
ಹೇಗೆ ಹೇಳಲಿ, ಅವನ ಮುಖದ ಮೇಲೆ ಬೆಳಕು ಬಿತ್ತು.
ನದಿಯ ನಡುವೆ, ವಯರಿಲ್ಲದ ಫ್ರಿಜ್ಜಿನ
ಆ ಸಣ್ಣ ಹಳದಿ ಬಲ್ಬು.
ಚಿಪ್ಸಿನ ಸದ್ದು ನಿಂತಿತು.
ಬೆನ್ನುಗಳು ಉಸಿರಾಡುತ್ತಿದ್ದವು, ಅಷ್ಟಕ್ಕೇ
ದೋಣಿ ಏರಿತು, ಇಳಿಯಿತು.
ನಾನು ವಾಚು ನೋಡಲಿಲ್ಲ.

ಎಂಟು ನಿಮಿಷದ ಮೇಲೆ ಹನ್ನೊಂದು ಸೆಕೆಂಡು.
ಅಂಕ ಕಳೆದರು.
"ಇದರಲ್ಲಿ ಸಂದೇಶ ಎಂತ?" ತೀರ್ಪುಗಾರರೊಬ್ಬರು ಕೇಳಿದರು.
ಅವರು ಯಾವ ಕಡೆ ಕೂತಿದ್ದಾರೆ ಎಂದೇ ಕಾಣದೆ ಸಫ್ವಾನ್
ಕಂಬಕ್ಕೆ ಉತ್ತರ ಕೊಟ್ಟ:
"ಫ್ರಿಜ್ಜು ತಲುಪಿತು ಸರ್."

ಪ್ರಥಮ, ದ್ವಿತೀಯ, ಸಮಾಧಾನಕರ, ಯಾವುದರಲ್ಲೂ ಇಲ್ಲ.

ತೊಳೆಯಲು ನೀರಿಲ್ಲದ ಮುಖ ಹೊತ್ತು
ಮಂಗಳೂರಿನ ಎಕ್ಸ್‌ಪ್ರೆಸ್ ಹತ್ತಿದೆವು.
ಕಂಡಕ್ಟರ್ ಎಂಟು ಬಿಳಿ ಮುಖ ಎಣಿಸಿ, ನನ್ನತ್ತ ತಿರುಗಿ
"ಇವರದ್ದೆಲ್ಲ ನೀವು ಕೊಡುವುದಾ?" ಅಂದ.
ಕಟಪಾಡಿ, ಕಾಪು, ಪಡುಬಿದ್ರಿ. ಯಾರೂ ಮಾತಾಡಲಿಲ್ಲ,
ಮೂಕಾಭಿನಯ ಇನ್ನೂ ಮುಗಿಯದವರ ಹಾಗೆ.
ಮೂಲ್ಕಿ ಸೇತುವೆಯ ಮೇಲೆ ಕೇಳಿಯೇಬಿಟ್ಟೆ:
ಒಳಗೆ ಎಂತ ಕಂಡಿತು ತನ್ವಿತ್?

"ನೀರುಂಟಾ ಅಂತ ನೋಡಿದ್ದು.
ಬೆಳಿಗ್ಗೆಯಿಂದ ಬಾಯಾರಿತ್ತು ಮಾರಾಯ್ತಿ."

ಚೀಲದಲ್ಲಿ ಬಾಟಲಿ ತುಂಬಿಯೇ ಇತ್ತು.
ಅಷ್ಟು ಹೊತ್ತಿಗೆ ಬಿಸಿಯಾಗಿತ್ತು.
ಕೊಟ್ಟೆ. ಕತ್ತೆತ್ತಿ ಗಟಗಟ ಕುಡಿದ.
ಬಸ್ಸು ಕುಲುಕಿ, ತುಟಿ ಮೀರಿದ ನೀರು
ಬಿಳುಪಿನ ನಡುವೆ ಎರಡು ದಾರಿ ಕೊರೆಯಿತು.
ಸುರತ್ಕಲ್‌ನಲ್ಲಿ ಅಮ್ಮನ ಸೊಂಟದ ಮೇಲೆ ಹತ್ತಿದ ಮಗುವೊಂದು
ಅಲ್ಲಿ ಇಣುಕಿದ ಅವನ ಬಣ್ಣವನ್ನೇ ನೋಡಿತು,
ಮುಟ್ಟಲು ಕೈ ಚಾಚಿತು.