ನೆಲಕ್ಕೆ ತೊಡಿಸಿದ ಬಳೆ

ಕಬ್ಬಿಣದ ಬಳೆ ಎರಡು, ಒಂದರೊಳಗೊಂದು.
ಮೇಲೆ ಹಲಗೆಯಿಟ್ಟು ಸುತ್ತಿಗೆಯಲ್ಲಿ ಬಡಿದು
ನಾಲ್ಕು ಬೆರಳು ನೆಲಕ್ಕಿಳಿಸಬೇಕು.
ಒಳಗಿನದಕ್ಕೆ ನೀರು. ಹೊರಗಿನದಕ್ಕೂ ನೀರು.
ಹೊರಗಿನ ನೀರು ಕಾವಲಿಗೆ ಮಾತ್ರ,
ಲೆಕ್ಕಕ್ಕಿಲ್ಲ, ಅಂದರು ವಿನುತ ಮೇಡಂ.
ನನಗೆ ತಟ್ಟನೆ ಅರ್ಥವಾಯಿತು:
ನಮ್ಮಪ್ಪ ಫಾರೆಸ್ಟಿನಲ್ಲಿ ವಾಚರ್ ಆಗಿದ್ದ.

ಕೆಲಸ ಇಷ್ಟೇ. ಅಳತೆಕೋಲು ನೋಡುತ್ತ
ಎಷ್ಟು ಹೊತ್ತಿಗೆ ಎಷ್ಟು ಇಳಿಯಿತು ಅಂತ
ನಾನು ಕೂಗುವುದು, ಅವರು ಬರೆಯುವುದು.
ದಿನಕ್ಕೆ ಐನೂರು, ಮಧ್ಯಾಹ್ನ ಚಿತ್ರಾನ್ನ.
ಅಂತರಸಂತೆಯಿಂದ ಜೀಪು;
ಜೀಪು ನಿಂತಲ್ಲಿಂದ ಹೆಗಲ ಮೇಲೆ
ಇಪ್ಪತ್ತು ಲೀಟರಿನ ಕ್ಯಾನು.
ಕಾಡಿಗೆ ನೀರು ಹೊತ್ತವನು
ನಮ್ಮ ಕುಲದಲ್ಲಿ ನಾನೊಬ್ಬನೇ ಇರಬೇಕು.

ಮೊದಲ ದಿನ ನೀಲಗಿರಿ ತೋಪು.
ಸಾಲು ಹಿಡಿದು ನಿಂತ ಮರ, ಬುಡದಲ್ಲಿ ಒಂದು ಗರಿಕೆಯಿಲ್ಲ.
ಸುರಿದ ನೀರು ಜಿಡ್ಡುಮಣ್ಣಿನ ಮೇಲೆ
ಕೆಸುವಿನೆಲೆಯಲ್ಲಿ ಆಡುವ ಹಾಗೆ ಉಂಡೆಯುಂಡೆ ಉರುಳಿತು.
ಒಳಗೆ ಬಾ ಅನ್ನುವವರಿಲ್ಲದ ನೆಂಟ,
ಹೊಸಿಲಲ್ಲೇ ನಿಂತಿತು ಬಹಳ ಹೊತ್ತು.
ಹಾಗಾದರೆ ಈ ಮರ ಕುಡಿಯುವುದೇನನ್ನು?
ಬೇರು ಕುಡಿಯುವುದು ಬೇರೆ ಲೆಕ್ಕ,
ಅದಕ್ಕೆ ಬೇರೆ ಯಂತ್ರ ಇದೆ, ಅಂದರು.

ಸಫಾರಿ ಜೀಪಿನ ಜಾಡಿನಲ್ಲಿ ಮರುದಿನ
ಒಂದು ಗಂಟೆ ಕೂತು
ಅಷ್ಟೇ, ಅಷ್ಟೇ, ಅಷ್ಟೇ, ಅಂದೆ.
ಬಳೆಯೊಳಗೆ ಒಂದು ಮೋಡ ಬಂತು,
ಬೇಕಾದಷ್ಟು ಹೊತ್ತು ಇತ್ತು, ಹೋಯಿತು.

ಆಮೇಲೆ ಮತ್ತಿ, ದಿಂಡಿಗ, ತಾರೆ ಬೆಳೆದ ಕಡೆ.
ಕ್ಯಾನು ಬಗ್ಗಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ನೀರಿಲ್ಲ.
ಗೆದ್ದಲು ಕೊರೆದ ಓಣಿ, ಸತ್ತ ಬೇರು ಬಿಟ್ಟುಹೋದ ಸುರಂಗ,
ಎರೆಹುಳುವಿನ ಸಂದಿಗೊಂದಿ,
ಕೆಳಗೊಂದು ಊರೇ ಇತ್ತು, ಯಾರ ಮನೆಗೂ ಅಗುಳಿಯಿಲ್ಲ.
ಈ ನೀರು ಎಲ್ಲಿಗೆ ಹೋಗುತ್ತೆ ಮೇಡಂ?
ಮಾರ್ಚಿಗೆ, ಅಂದರು.
ನಕ್ಕುಬಿಟ್ಟೆ. ನಕ್ಕ ಮೇಲೆ ನೆನಪಾಯಿತು:
ಸುಡು ಬೇಸಿಗೆಯಲ್ಲಿ ಹೊನ್ನೆಕೊಲ್ಲಿಯ ಮರಳು ಕೆದಕಿ
ಅಜ್ಜಿ ಬೊಳ್ಳಮ್ಮ ಸೋರೆಬುರುಡೆಗೆ ತುಂಬುತ್ತಿದ್ದದ್ದು
ಹೋದ ಆಷಾಢವನ್ನು.

ಹೊನ್ನೆಕೊಲ್ಲಿ. ನಮ್ಮ ಹಾಡಿ ಇದ್ದದ್ದು ಅಲ್ಲೇ.
ಲಾರಿ ಬಂದಾಗ ನನಗೆ ಆರು ವರ್ಷ.
ಮೇಡಮ್ಮಿನ ನಕ್ಷೆಯಲ್ಲಿ ಅದು ಪ್ಲಾಟ್ ಹದಿನೇಳು.
ಒಲೆಯ ಮೂರು ಕಲ್ಲು ಹುಡುಕಿದೆ, ಎರಡು ಸಿಕ್ಕವು.
ಅದರಿಂದ ಹೆಜ್ಜೆ ಎಣಿಸಿ ಅಂಗಳ ಹಿಡಿದೆ.
ಅಜ್ಜಿ ಕುಣಿದ ಅಂಗಳ, ಎಲ್ಲರೂ ತುಳಿದು ತುಳಿದು
ಬಂಡೆಯಾಗಿಸಿದ್ದ ಅಂಗಳ;
ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತಿತ್ತು,
ಮಕ್ಕಳೆಲ್ಲ ಕುಪ್ಪಳಿಸುತ್ತಿದ್ದೆವು.
ಇಲ್ಲೇ ಹಾಕೋಣ ಮೇಡಂ, ಅಂದೆ.

ಎರಡೇ ಏಟಿಗೆ ಬಳೆ ಇಳಿಯಿತು.
ನೀರು ಹೊಯ್ದೆ.
ಕೂಗಲು ಬಾಯಿ ತೆರೆದೆ, ಬಳೆ ಬರಿದು.

ಮೂವತ್ತು ವರ್ಷ. ನಮ್ಮ ಪಾದಗಳನ್ನು ಮರೆಯಲು
ನೆಲಕ್ಕೆ ಅಷ್ಟು ಸಾಕಾಗಿತ್ತು.
ಇಷ್ಟು ಚೆನ್ನಾಗಿ ಎಲ್ಲೂ ಇಂಗಿಲ್ಲ, ಅಂದರು ಮೇಡಂ,
ಗೆರೆ ಎಳೆದು ಬರೆದುಕೊಂಡರು.
ಅವರಿಗೆ ಖುಷಿಯಾದದ್ದು ನನಗೂ ಖುಷಿಯೇ.
ಇನ್ನೊಂದು ಕ್ಯಾನು ತಂದು ಸುರಿದೆ, ಲೆಕ್ಕಕ್ಕಲ್ಲ,
ಅಜ್ಜಿಗೆ.
ಅದೂ ಹೋಯಿತು.

ಸಂಜೆ ಬಳೆಗಳು ನನ್ನ ಮನೆಯಲ್ಲೇ ಇದ್ದವು.
ಕಾಲೋನಿಯಲ್ಲಿ, ನಮ್ಮ ಬಾಗಿಲ ಮುಂದೆ, ಸುಮ್ಮನೆ
ಬಡಿದು ನೋಡಿದೆ. ಹತ್ತೊಂಬತ್ತು ಏಟು.
ಅಕ್ಕಪಕ್ಕದವರು ಗೂಟ ಅಂದುಕೊಂಡು
ಹಸು ಯಾವಾಗ ತಂದೆ, ಅಂದರು.
ಮಗಳು ತಂಬಿಗೆಯಲ್ಲಿ ನೀರು ತಂದು ಹೊಯ್ದಳು,
ಕುಕ್ಕರಗಾಲಲ್ಲಿ ಕೂತು ಅಳತೆಕೋಲು ಓದಿದಳು.
ಅಷ್ಟೇ, ಅಪ್ಪ. ಅಷ್ಟೇ. ಅಷ್ಟೇ.
ಇಲ್ಲಿ ನಮ್ಮ ನೆನಪು ಇದೆ ನೆಲಕ್ಕೆ.

ಕೋಳಿಯೊಂದು ಬಂತು, ಬಳೆಯೊಳಗೆ ಕೊಕ್ಕು ಅದ್ದಿತು,
ಕತ್ತೆತ್ತಿ ನುಂಗಿತು, ಮತ್ತೆ ಅದ್ದಿತು.
ಪೆನ್ಸಿಲ್ ಹಿಡಿದವಳು ತಲೆಯೆತ್ತಿದಳು:
ಕೋಳಿ ಕುಡಿದದ್ದನ್ನು ಎಲ್ಲಿ ಬರೆಯಲಿ?