ಮೆಟ್ಟಿಲಿಳಿಯುವ ಮೊದಲು

ಕೂಡು ಹುಲಿಗೆಮ್ಮ. ಆ ಕುರ್ಚಿಯ ಬಲಗಾಲು ಕುಂಟು,
ಎಡಕ್ಕೆ ವಾಲಿ ಕೂತರೆ ಸುಮ್ಮನಿರುತ್ತದೆ.
ಕೆಳಗೆ ತೊಂಬತ್ತು ಹೊಲಿಗೆ ಮಿಷನ್ನು,
ಎರಡು ದಿನಕ್ಕೆ ಕಿವಿಗೆ ರೂಢಿಯಾಗುತ್ತದೆ.
ಸದ್ದು ನಿಂತಾಗ ಮಾತ್ರ ಏಳು:
ಕರೆಂಟು ಹೋಗಿದೆ, ಬ್ಯಾಟರಿಗೆ ಇಪ್ಪತ್ತೇ ನಿಮಿಷ ಪ್ರಾಣ.

ಬಳ್ಳಾರಿಯ ಮೇ ತಿಂಗಳ ಬಗ್ಗೆ ನಿನಗೆ ಹೇಳಬೇಕಿಲ್ಲ.
ಈ ಕಪ್ಪು ಪೆಟ್ಟಿಗೆಯೂ ಬೇಯುತ್ತದೆ.
ಏಸಿಯ ರಿಮೋಟು ಸೌಕಾರರ ಕೈಗೆ ಸಿಗದಿರಲಿ.
ಶುಕ್ರವಾರ ಜಾಲರಿ ಒರೆಸು. ಒರೆಸಿದ ಬಟ್ಟೆ
ಮೊದಲು ನೀಲಿ, ಆಮೇಲೆ ಕೆಂಪು:
ಒಂದು ನಮ್ಮ ಜೀನ್ಸಿನ ನೂಲು,
ಇನ್ನೊಂದು ಸಂಡೂರಿನ ಗಣಿಧೂಳು.

ಬ್ಯಾಕಪ್ಪು ರಾತ್ರಿ ಎರಡಕ್ಕೆ ತಾನೇ ಆಗುತ್ತದೆ,
ಆಯಿತೆಂದು ಹಸಿರು ಗುರುತು ಬರುತ್ತದೆ.
ಆ ಹಸಿರನ್ನು ನಾನು ಏಳು ತಿಂಗಳು ನಂಬಿದ್ದೆ.
ಬೇಕಾದ ದಿನ ತೆರೆದರೆ ಖಾಲಿ ಹಗೇವು,
ಬಾಯಿಗೆ ಮಾತ್ರ ಅಚ್ಚುಕಟ್ಟಾಗಿ ಮಣ್ಣು ಮೆತ್ತಿತ್ತು.
ತಿಂಗಳಿಗೊಮ್ಮೆ ಯಾವುದಾದರೂ ಹಳೆಯ ಪತ್ರ ಎತ್ತಿ ಓದು.
ಓದಲು ಬಂತೆ? ಸರಿ, ಮನೆಗೆ ಹೋಗು.

ಡೊಮೇನಿನ ಬಾಡಿಗೆ ಮಾರ್ಚ್ ಒಂಬತ್ತು,
ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿದ್ದೇನೆ.
ನೆನಪಿಸುವ ಪತ್ರ ಬರುವುದು ಇದೇ ಮೇಲಿಗೆ;
ಮೇಲೇ ಸತ್ತ ಮೇಲೆ ಯಾರಿಗೆ ನೆನಪಿಸುತ್ತದೆ?

ದೀಪಾವಳಿಗೆ ಊರಿಗೆ ಹೋಗುವವರು
'ನಾನು ಇಲ್ಲ' ಎಂಬ ಉತ್ತರ ಹಚ್ಚಿಟ್ಟು ಹೋಗುತ್ತಾರೆ.
ಒಂದು ವರ್ಷ ನಮ್ಮ ಸ್ಟೋರಿನ ಖಾಜಾವಲಿ,
ತಿರುಪ್ಪೂರಿನ ಗುಂಡಿ ಮಾರುವವನು,
ಇಬ್ಬರೂ ಇರಲಿಲ್ಲ.
ಇಲ್ಲ ಎಂದಿತು ಇದು. ಇಲ್ಲ ಎಂದಿತು ಅದು.
ರಾತ್ರಿಯೆಲ್ಲ ಇಲ್ಲದವರಿಬ್ಬರೂ ಮಾತಾಡಿದರು.
ಬೆಳಿಗ್ಗೆ ಎಣಿಸಿದೆ: ಹನ್ನೊಂದು ಸಾವಿರದ ನಾನೂರು ಇಲ್ಲ.
ಒಬ್ಬರಿಗೆ ದಿನಕ್ಕೆ ಒಂದೇ ಸಲ ಇಲ್ಲ ಅನ್ನುವಂತೆ ಗಂಟು ಹಾಕಿಡು.

ಚಹಾಕ್ಕಿಂತ ಮೊದಲು ಕಸದ ಬುಟ್ಟಿ ನೋಡು.
ಜರಡಿ ಬಿಗಿಯಾಗಿ, ಎರಡು ಸಾವಿರ ಪ್ಯಾಂಟಿನ ಆರ್ಡರೊಂದು
ಐದು ದಿನ ಅಲ್ಲೇ ಬಿದ್ದಿತ್ತು,
ಲಾಟರಿ ಗೆದ್ದವರ ನಡುವೆ.
'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಅಂತ ಬಂದರೆ
ಫೋನು ಹಚ್ಚು. ಆ ಪತ್ರದ ನಂಬರಿಗಲ್ಲ,
ಹಳೆಯ ಬಿಲ್ಲಿನ ನಂಬರಿಗೆ.
ಓ ಇರಬೇಕಾದ ಕಡೆ ಸೊನ್ನೆ ಕೂತಿರುತ್ತದೆ,
ಜಿಪ್ಪಿನಲ್ಲಿ ಒಂದೇ ಹಲ್ಲು ಸುಳ್ಳು; ಎಳೆದಾಗಲೇ ತಿಳಿಯುವುದು.

ಸೌಕಾರರ ಪಾಸ್‌ವರ್ಡು ಅವರ ಹೆಸರೇ.
ಮೂರು ಸಲ ಹೇಳಿದೆ, ನಾಲ್ಕನೆಯದು ನೀನು ಹೇಳು.
ಹೊಸಬರ ಮೇಲೆ ಕೂಗಲು ನಾಚುತ್ತಾರೆ, ಒಂದು ವಾರ.

ಇನ್ನು ಇದು.
ಎರ್ರಿಸ್ವಾಮಿ, ಕಟಿಂಗ್ ಮಾಸ್ಟರು.
ತೀರಿಕೊಂಡು ಮೂರು ವರ್ಷ, ಪೆಟ್ಟಿಗೆ ಮುಚ್ಚಿಲ್ಲ.
ನಿಯಮ ಮೂವತ್ತು ದಿನ ಎನ್ನುತ್ತದೆ. ಬರೆದವನು ನಾನೇ.
ಸೂರತ್ತಿನವನೊಬ್ಬ ಈಗಲೂ
ಬಟ್ಟೆಯ ತುಣುಕಿನ ಫೋಟೋ ಕಳಿಸುತ್ತಾನೆ:
'ಮಾಸ್ಟರ್, ಈ ನೀಲಿ ನೋಡಿ.'
ನೋಡುತ್ತೇನೆ.
ಒಮ್ಮೆ 'ಸ್ವಲ್ಪ ಗಾಢವಾಯಿತು' ಅಂತ ಬರೆದೂಬಿಟ್ಟೆ,
ಮಾಸ್ಟರು ಹಾಗೇ ಅನ್ನುತ್ತಿದ್ದರು.
ಅವನು ಮರುದಿನ ತಿಳಿಯದು ಕಳಿಸಿದ.
ನೀನು ನಿಜ ಬರೆ, ಒಂದು ಸಾಲು ಸಾಕು. ಆಮೇಲೆ ಮುಚ್ಚು.
ಮುಂದೆ ವಿಳಾಸ ಕೊಡುವಾಗ ಹೆಸರಿಗೆ ಬೇಡ, ಕೆಲಸಕ್ಕೆ ಕೊಡು:
ಕಟಿಂಗ್, ಸ್ಟೋರ್, ಲೆಕ್ಕ.
ಕತ್ತರಿ ಹಿಡಿಯುವವರು ಬದಲಾಗುತ್ತಾರೆ.

ಕೀಲಿಕೈ ತಗೋ.
ಈಗ ನನ್ನ ಹೆಸರಿನ ಮೇಲೆ ಒತ್ತು.
ಅಧಿಕಾರ ತೆಗೆ ಅಂತಿದೆ ನೋಡು, ಕೆಂಪಕ್ಷರದಲ್ಲಿ.
ನಾಳೆ ಅಲ್ಲ, ನಾನು ಮೆಟ್ಟಿಲಿಳಿಯುವ ಮೊದಲು.
ಹೊರಟವನು ಒಳ್ಳೆಯವನೆಂದು ಬಾಗಿಲು ತೆರೆದಿಡಬಾರದು.
'ಖಚಿತವೇ?' ಅಂತ ಕೇಳುತ್ತದೆ,
ಎಲ್ಲದಕ್ಕೂ ಕೇಳುತ್ತದೆ ಅದು.
ಹೌದು ಅನ್ನು.

ಆಯಿತಾ?
ಈಗ ಒಂದು ಚಹಾ ಹೇಳು,
ಹೊರಗಿನಿಂದ ಬಂದವರಿಗೆ ಹೇಳುವ ಹಾಗೆ.