ಹೊತ್ತು

ಚೀಟಿಯಲ್ಲಿತ್ತು: ಮುಂಜಾನೆ ಒಂದು, ರಾತ್ರಿ ಒಂದು.
ಎರಡು ಸಲ ಬಿದ್ದರು ಲಾಡ್ಲೇಸಾಬರು,
ಸಕ್ಕರೆ ಇಳಿದು, ಬಚ್ಚಲ ಬಾಗಿಲಲ್ಲಿ.
'ಮಾತು ಕೇಳದ ಮುದುಕ' ಎಂದು
ಕೇಸ್‌ಪೇಪರಿನ ಅಂಚಿಗೆ ಗೀಚಿದವಳು ನಾನೇ.

ಇವತ್ತು ಬಿಪಿ ಪಟ್ಟಿ ಬಿಚ್ಚಿಟ್ಟು
ಹೊರಸಿನ ತುದಿಗೆ ಕೂತೆ.
"ಚಾಚಾ, ನಿಮ್ಮ ದಿನ ಹೆಂಗ ಶುರು ಆಗ್ತದ?"

"ನಂದು ಸಂಜಿಗೆ ಶುರು ಆಗ್ತದವ್ವ.
ಆಳಂದ ರೋಡಿನ ಬ್ಯಾಳಿ ಮಿಲ್ಲಿನ ಗೇಟ್
ನಲವತ್ತೊಂದು ವರ್ಷ ಕಾದೀನಿ.
ನೌಕರಿ ಬಿಟ್ಟು ಒಂಬತ್ತಾತು,
ಕಣ್ಣಿಗೆ ಇನ್ನಾ ಯಾರೂ ಹೇಳಿಲ್ಲ."

ಮುಂಜಾನೆಯ ಗುಳಿಗೆ ಬರಿಹೊಟ್ಟೆಗೆ ನುಂಗಿ
ಸಂಜೆತನಕ ಮಲಗುವ ಮನುಷ್ಯ.
ರಾತ್ರಿ ಎರಡಕ್ಕೆ ಖಡಕ್ ರೊಟ್ಟಿ, ಪುಂಡಿಪಲ್ಯ;
ಆಮೇಲೆ ಓಣಿಗೆಲ್ಲ ಪುಕ್ಕಟೆ ಕಾವಲು.

ಡಾಕ್ಟರಿಗೆ ಫೋನು ಮಾಡಿದೆ.
ತುಸು ಹೊತ್ತು ಫ್ಯಾನಿನ ಸದ್ದಷ್ಟೇ.
"ಯಾರೂ ಕೇಳಲೇ ಇಲ್ಲವಾ?" ಅಂದರು,
ಆಮೇಲೆ ಹೊತ್ತುಗಳನ್ನು ಅದಲುಬದಲು ಮಾಡಿಸಿದರು.

ಗುಳಿಗೆ ಲಕೋಟೆಯ ಮೇಲಿನ ಸೂರ್ಯನಿಗೆ ಕಾಟು ಹೊಡೆದು
ಚಂದ್ರನನ್ನು ಬರೆದೆ.
"ಸೊಟ್ಟ ಆಗ್ಯಾನ," ಚಾಚಾ ಟಾರ್ಚು ಬಿಟ್ಟು ನೋಡಿದರು.
ಕೇಸ್‌ಪೇಪರಿನ ಗೀಚು ಮಾತ್ರ
ಉಗುರಿಗೂ ಬರಲಿಲ್ಲ.

ಹೊರಗೆ ಕಲಬುರಗಿಯ ಮೇ ತಿಂಗಳ ಹನ್ನೆರಡು ಗಂಟೆ.
"ಮಕ್ಕೋರಿ ಚಾಚಾ, ಭಾಳ ರಾತ್ರಿ ಆಗ್ಯದ."

ಬೆನ್ನ ಹಿಂದೆ ಕೇಳಿಸಿತು:
ಚಿಲಕ ಹಾಕಿ, ಎರಡು ಸಲ
ಜಗ್ಗಿ ನೋಡಿದ್ದು.